ಕತ್ತರಿಗೆ ಹೆದರಬೇಡಿ: ಮನೆ ಮುಂದೆ ಮಧುಮಾಲತಿ ಬೆಳೆಸುವ ಬಗೆ

ಸಂಜೆ ಆರೂವರೆ ಹೊತ್ತಿಗೆ ಮಧುಮಾಲತಿಯ ಒಂದು ಗೊಂಚಲನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಕುಂಕುಮದ ಬಣ್ಣಕ್ಕೆ ತಿರುಗಿದ ನಾಲ್ಕೈದು ಹೂವು ಇರುತ್ತವೆ. ಅವು ಮೊನ್ನೆ ಅರಳಿದವು. ಪಕ್ಕದ ಗುಲಾಬಿ ಬಣ್ಣದವು ನಿನ್ನೆಯವು. ಬಿಳಿ ಹೂವು ಈಗತಾನೆ ಮಡಿಕೆ ಬಿಚ್ಚಿಕೊಳ್ಳುತ್ತಿರುತ್ತದೆ. ನಾಳೆ ಬೆಳಗ್ಗೆ ಬಂದು ನೋಡಿದರೆ ಅದಕ್ಕೂ ಗುಲಾಬಿ ಹತ್ತಿರುತ್ತದೆ. ಒಂದೇ ಗೊಂಚಲಲ್ಲಿ ಮೂರು ದಿನದ ಹೂವು.

ಬಿಳಿ ಹೂವು ಸಂಜೆಯೇ ಅರಳುವುದಕ್ಕೆ ಕಾರಣ ಇದೆ. ಹೂವಿನ ಕೊಳವೆ ಸುಮಾರು ಎರಡೂವರೆ ಇಂಚು ಉದ್ದ, ಮಕರಂದ ಇರುವುದು ಅದರ ತಳದಲ್ಲಿ. ಅಷ್ಟು ಆಳಕ್ಕೆ ನಾಲಿಗೆ ಇಳಿಸಬಲ್ಲವು ಕತ್ತಲಾದ ಮೇಲೆ ಬರುವ ದೊಡ್ಡ ಪತಂಗಗಳು. ಅವು ಹೂವಿನ ಮೇಲೆ ಕೂರುವುದಿಲ್ಲ. ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತು ಹೀರುತ್ತವೆ. ಕತ್ತಲಲ್ಲಿ ಅವಕ್ಕೆ ಎದ್ದು ಕಾಣುವುದು ಬಿಳಿ, ದಾರಿ ತೋರಿಸುವುದು ಪರಿಮಳ. ಬಣ್ಣ ಏರಿದ ಹೂವಿಗೆ ಹಗಲು ಹೊತ್ತು ಜೇನುನೊಣ, ಚಿಟ್ಟೆ, ಸೂರಕ್ಕಿ ಬರುತ್ತವೆ. ಬಳ್ಳಿಯನ್ನು ಜಗಲಿಯ ಹತ್ತಿರ, ಸಂಜೆ ನೀವು ಕೂರುವ ಕಡೆ ನೆಡಿ ಅಂತ ನಾನು ಹೇಳುವುದು ಈ ಪತಂಗಗಳಿಗೋಸ್ಕರವೇ. ಒಂದು ಸಲ ನೋಡಿದರೆ ಸಾಕು, ಆಮೇಲೆ ದಿನಾ ಕಾಯುತ್ತೀರಿ.

ನಮ್ಮ ಮನೆ ಇರುವುದು ಮೈಸೂರಿನಲ್ಲಿ. ಹನ್ನೆರಡು ವರ್ಷದ ಹಿಂದೆ ಅತ್ತೆ ಸಾಗರದಿಂದ ಬರುವಾಗ ಒಂದು ಮರಿಯ ಬೇರಿಗೆ ಒದ್ದೆ ಗೋಣಿ ಸುತ್ತಿ ತಂದಿದ್ದರು. ಇವತ್ತು ನಮ್ಮ ಗೇಟಿನ ಚಪ್ಪರ ಪೂರ್ತಿ ಅದರದ್ದೇ. ದಾರಿಯಲ್ಲಿ ಹೋಗುವವರು ನಿಂತು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ನಮ್ಮನೇಲೂ ಇದೆ ಕಣ್ರೀ, ಎಲೆ ಹುಲುಸಾಗಿದೆ, ಹೂವೇ ಇಲ್ಲ. ಯಾಕೆ?" ನಾನು ತಿರುಗಿ ಕೇಳುವುದು ಎರಡೇ ಮಾತು. ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ಕಳೆದ ಸಲ ಕತ್ತರಿಸಿದ್ದು ಯಾವಾಗ? ಎರಡನೆಯದಕ್ಕೆ ಬರುವ ಉತ್ತರ ಸಾಮಾನ್ಯವಾಗಿ, "ಅಯ್ಯೋ, ಕತ್ತರಿಸೋಕೆ ಮನಸ್ಸು ಬರಲ್ಲ." ಅಲ್ಲೇ ಇರುವುದು ವಿಷಯ.

ಕೊಳ್ಳುವಾಗ ಹೆಸರು ನೋಡಿಕೊಳ್ಳಿ

ನರ್ಸರಿಗಳಲ್ಲಿ ಇದನ್ನು ರಂಗೂನ್ ಕ್ರೀಪರ್ ಅನ್ನುತ್ತಾರೆ. ರಂಗೂನ್ ಬಳ್ಳಿ ಅಂದರೂ ಇದೇ. ಮಾಧವೀಲತೆ ಬೇರೆ. ಅದರ ಹೂವು ಬಿಳಿ, ಒಂದು ಎಸಳಿನ ಮೇಲೆ ಹಳದಿ ಮಚ್ಚೆ, ಎಸಳಿನ ಅಂಚು ಕುಚ್ಚು ಕಟ್ಟಿದ ಹಾಗೆ. ಹೆಸರು ಹತ್ತಿರ ಇರುವುದರಿಂದ ಒಂದನ್ನು ಕೇಳಿ ಇನ್ನೊಂದನ್ನು ತಂದವರಿದ್ದಾರೆ. ಬಣ್ಣ ಬದಲಾಯಿಸುವ ಗೊಂಚಲು ಹೂವು ಬೇಕು ಅಂತ ಬಿಡಿಸಿ ಹೇಳಿ. ಸಾಧ್ಯವಾದರೆ ಹೂವು ಬಿಟ್ಟಿರುವ ಗಿಡವನ್ನೇ ಆರಿಸಿ ತನ್ನಿ. ಬೆಂಗಳೂರಿನವರಿಗೆ ಆಗಸ್ಟಿನ ಲಾಲ್‌ಬಾಗ್ ಪುಷ್ಪ ಪ್ರದರ್ಶನ ಒಳ್ಳೆಯ ಸಮಯ. ಆಗ ಈ ಬಳ್ಳಿ ಹೂವಲ್ಲಿ ಇರುತ್ತದೆ, ಕಣ್ಣಾರೆ ನೋಡಿ ತರಬಹುದು.

ಈಗ ಎರಡು ಬಗೆ ಸಿಗುತ್ತವೆ. ಹಳೇ ಕಾಲದ್ದು ಒಂಟಿ ಸುತ್ತಿನದು, ಐದು ಎಸಳು. ಇನ್ನೊಂದು ಡಬಲ್, ಸುತ್ತುಸುತ್ತಾಗಿ ಎಸಳು, ಗೊಂಚಲು ದಟ್ಟ. ಡಬಲ್ ಬಗೆ ಅಷ್ಟು ಅಬ್ಬರವಾಗಿ ಬೆಳೆಯುವುದಿಲ್ಲ, ಕುಂಡಕ್ಕೆ ಚೆನ್ನ. ನನ್ನ ಮನಸ್ಸು ಮಾತ್ರ ಒಂಟಿ ಸುತ್ತಿನದಕ್ಕೇ. ಆ ಉದ್ದ ಕೊಳವೆ, ಗಾಳಿಗೆ ತೂಗುವ ರೀತಿ ಅದರಲ್ಲೇ ಚೆಂದ ಕಾಣುತ್ತದೆ.

ನಮ್ಮ ಕಾಡಿನ ಮತ್ತಿ, ಅಳಲೆ, ತಾರೆ ಮರಗಳೆಲ್ಲ ಇದರ ದಾಯಾದಿಗಳು, ಒಂದೇ ಕುಟುಂಬ. ನೆಲದಲ್ಲಿ ಬೇರು ಹಿಡಿದ ಮೇಲೆ ಇದಕ್ಕೆ ಇರುವ ಗಟ್ಟಿತನ ನೋಡಿದರೆ ಆ ನಂಟು ಆಶ್ಚರ್ಯ ಅನ್ನಿಸುವುದಿಲ್ಲ.

ಜಾಗ ಮೊದಲು, ಗಿಡ ಆಮೇಲೆ

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಬುಡಕ್ಕೆ ನೆರಳಿದ್ದರೂ ಪರವಾಗಿಲ್ಲ, ತಲೆಗೆ ಬಿಸಿಲು ಬೀಳಬೇಕು. ಮೂರು ಮಹಡಿ ಮನೆಗಳ ನಡುವಿನ ಓಣಿಯಲ್ಲಿ ನೆಟ್ಟರೆ ಎಲೆ ಬರುತ್ತದೆ, ಉದ್ದ ಬೆಳೆಯುತ್ತದೆ, ಹೂವು ಬರುವುದಿಲ್ಲ. ಗೊಬ್ಬರ ಹಾಕಿ ಅದನ್ನು ಸರಿಪಡಿಸಲು ಆಗುವುದಿಲ್ಲ.

ನೆಡುವ ಮೊದಲು ತಲೆ ಎತ್ತಿ ನೋಡಿ. ಮೇಲೆ ಕರೆಂಟಿನ ತಂತಿ ಇದ್ದರೆ ಅಲ್ಲಿ ಬೇಡವೇ ಬೇಡ. ಈ ಬಳ್ಳಿ ಎರಡು ಅಂತಸ್ತಿನ ಎತ್ತರಕ್ಕೆ ಸಲೀಸಾಗಿ ಹೋಗುತ್ತದೆ, ಮಳೆಗಾಲದಲ್ಲಿ ಒದ್ದೆ ಬಳ್ಳಿ ತಂತಿಗೆ ತಾಗುವುದು ಅಪಾಯ. ಹಾಗೆಯೇ ಕೆಳಗೂ ನೋಡಿ. ಸಂಪು, ಒಳಚರಂಡಿ ಪೈಪು ಇರುವ ಕಡೆಯಿಂದ ಆರೇಳು ಅಡಿ ದೂರ ಇರಲಿ. ಗೋಡೆಯಿಂದ ಒಂದೂವರೆ ಅಡಿ ಬಿಡಿ. ಮಾವು, ಹಲಸಿನಂಥ ಮರಕ್ಕೆ ಹಬ್ಬಿಸಬೇಡಿ. ನೋಡೋಕೆ ಚೆಂದ, ನಾಲ್ಕು ವರ್ಷ ಆದ ಮೇಲೆ ಮರದ ತಲೆಯನ್ನೇ ಮುಚ್ಚಿ ಹಾಕುತ್ತದೆ.

ಪಕ್ಕದ ಮನೆಯವರ ಮಾತೂ ಬರಬೇಕು. ಕಾಂಪೌಂಡಿನ ಮೇಲೆ ಹಬ್ಬಿಸುವುದಾದರೆ ಮೊದಲೇ ಒಂದು ಮಾತು ಕೇಳಿ. ಉದುರಿದ ಹೂವು ದಿನಾ ಬುಟ್ಟಿಗಟ್ಟಲೆ ಬೀಳುತ್ತದೆ. ಗುಡಿಸುವವರಿಗೆ ಅದು ಕೆಲಸ.

ನೆಡುವುದು

ನಮ್ಮ ಕಡೆ ಮುಂಗಾರು ಹಿಡಿಯುವ ಹೊತ್ತು, ಜೂನ್ ತಿಂಗಳು, ಸರಿಯಾದ ಕಾಲ. ನೀರಿನ ಅನುಕೂಲ ಇದ್ದರೆ ಫೆಬ್ರವರಿಯಲ್ಲೂ ನೆಡಬಹುದು. ಮಲೆನಾಡು, ಕರಾವಳಿಯವರು ಜಡಿಮಳೆಯ ಮಧ್ಯೆ ನೆಡಬೇಡಿ. ಮೊದಲ ಮಳೆಗೆ ನೆಟ್ಟುಬಿಡಿ, ಇಲ್ಲವೇ ಮಳೆ ತಗ್ಗುವ ತನಕ ಕಾಯಿರಿ. ನಿಂತ ನೀರಲ್ಲಿ ಎಳೆ ಬೇರು ಕೊಳೆಯುತ್ತದೆ.

ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿ ತೆಗೆಯಿರಿ. ಮೇಲ್ಮಣ್ಣು ಒಂದು ಕಡೆ, ತಳದ ಮಣ್ಣು ಒಂದು ಕಡೆ ಹಾಕಿ. ಮೇಲ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಎರಡು ಹಿಡಿ ಬೇವಿನ ಹಿಂಡಿ. ಜೇಡಿ ಮಣ್ಣಾದರೆ ಒಂದು ಪಾಲು ಮರಳು ಸೇರಿಸಿ. ಗೊಬ್ಬರ ಹಸಿ ಇರಬಾರದು. ಕೈಯಲ್ಲಿ ಹಿಡಿದರೆ ಬಿಸಿ ಇರಬಾರದು, ಮೂಸಿದರೆ ಸಗಣಿ ವಾಸನೆ ಬರಬಾರದು.

ಕವರ್ ಹರಿದು, ಮಣ್ಣಿನ ಮುದ್ದೆ ಒಡೆಯದ ಹಾಗೆ ಇಳಿಸಿ. ಕವರಿನಲ್ಲಿ ಎಷ್ಟು ಆಳಕ್ಕೆ ಇತ್ತೋ ಅಷ್ಟೇ ಆಳಕ್ಕೆ. ಬೇರು ಸುತ್ತಿಕೊಂಡು ಉಂಡೆಯಾಗಿದ್ದರೆ ಬೆರಳಿನಿಂದ ಸ್ವಲ್ಪ ಬಿಡಿಸಿ. ಮಣ್ಣು ತುಂಬಿ ಕಾಲಿನಿಂದ ಮೆತ್ತಗೆ ಒತ್ತಿ ಒಂದು ಬಿಂದಿಗೆ ನೀರು ಹಾಕಿ. ಒಣಗಿದ ಎಲೆ, ತೆಂಗಿನ ಸಿಪ್ಪೆ ಬುಡದ ಸುತ್ತ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ.

ಮೊದಲ ವರ್ಷ ಅದು ಬಳ್ಳಿಯಲ್ಲ

ಇಲ್ಲಿ ಜಾಸ್ತಿ ಜನ ಧೈರ್ಯ ಕಳೆದುಕೊಳ್ಳುತ್ತಾರೆ. ಮಧುಮಾಲತಿಯ ಎಳೇ ಗಿಡ ಪೊದೆಯ ಹಾಗೆ ನಿಲ್ಲುತ್ತದೆ. ಮೂರು ಅಡಿ ಎತ್ತರ, ಸುತ್ತ ಹರಡಿದ ಕೊಂಬೆ, ಹಬ್ಬುವ ಸೂಚನೆಯೇ ಇಲ್ಲ. ಆರು ತಿಂಗಳು, ಕೆಲವೊಮ್ಮೆ ವರ್ಷವೇ ಹೀಗೆ. ನರ್ಸರಿಯವನು ಬೇರೆ ಗಿಡ ಕೊಟ್ಟುಬಿಟ್ಟ ಅಂತ ಕಿತ್ತು ಹಾಕಿದವರನ್ನು ನಾನು ಕಂಡಿದ್ದೇನೆ.

ಈ ಗೊಂದಲ ನಮ್ಮೊಬ್ಬರದ್ದೇ ಅಲ್ಲ, ಗಿಡದ ಹೆಸರಿನಲ್ಲೇ ಅದು ಸೇರಿಕೊಂಡಿದೆ. 17ನೇ ಶತಮಾನದಲ್ಲಿ ಇಂಡೋನೇಷ್ಯಾದ ಆಂಬೊನ್ ದ್ವೀಪದಲ್ಲಿದ್ದ ಸಸ್ಯತಜ್ಞ ರಂಫಿಯಸ್ ಈ ಗಿಡ ಮೊದಲು ಪೊದೆ, ಆಮೇಲೆ ಬಳ್ಳಿ ಆಗುವುದನ್ನು ಗಮನಿಸಿದ್ದ. ಅಲ್ಲಿನ ಮಲಯ್ ಭಾಷೆಯಲ್ಲಿ ಇದಕ್ಕೆ 'ಉದಾನಿ' ಎನ್ನುತ್ತಿದ್ದರು. ಡಚ್ ಭಾಷೆಯಲ್ಲಿ ಹೆಚ್ಚುಕಮ್ಮಿ ಹಾಗೇ ಕೇಳಿಸುವ ಒಂದು ಮಾತಿಗೆ 'ಎಂಥದು?' ಅಂತ ಅರ್ಥ. ಅದನ್ನೇ ಅವನು ಲ್ಯಾಟಿನ್‌ಗೆ ತಿರುಗಿಸಿ 'ಕ್ವಿಸ್ಕ್ವಾಲಿಸ್' ಅಂತ ಬರೆದ. ಯಾರಿದು? ಎಂಥದು? 1762ರಲ್ಲಿ ಲಿನ್ನೇಯಸ್ ಅದೇ ಹೆಸರನ್ನು ಉಳಿಸಿಕೊಂಡು ಕ್ವಿಸ್ಕ್ವಾಲಿಸ್ ಇಂಡಿಕಾ ಎಂದ. ಈಗ ಸಸ್ಯಶಾಸ್ತ್ರದವರು ಕೊಂಬ್ರೆಟಮ್ ಇಂಡಿಕಮ್ ಅನ್ನುತ್ತಾರೆ. ನನಗೇನೋ ಆ ಹಳೆಯ ಪ್ರಶ್ನೆಯೇ ಇಷ್ಟ.

ನೀವು ಮಾಡಬೇಕಾದ್ದು ಕಾಯುವುದು. ಒಂದು ದಿನ ಬುಡದಿಂದ, ಪೊದೆಯ ಒಳಗಿನಿಂದ, ಒಂದು ಚಿಗುರು ಎದ್ದು ಬರುತ್ತದೆ. ಉಳಿದ ಕೊಂಬೆಗಳಿಗಿಂತ ದಪ್ಪ, ನೇರ, ಎಲೆಗಳು ದೂರ ದೂರ. ವಾರಕ್ಕೆ ಅರ್ಧ ಅಡಿಗಿಂತ ಜಾಸ್ತಿ ಏರುತ್ತದೆ. ಅದೇ ನಿಮ್ಮ ಬಳ್ಳಿ. ಅಂಥ ಚಿಗುರುಗಳಲ್ಲಿ ಗಟ್ಟಿಯಾದ ಎರಡನ್ನೋ ಮೂರನ್ನೋ ಇಟ್ಟುಕೊಳ್ಳಿ. ಅವು ಮೇಲೆ ಹತ್ತಿದ ಮೇಲೆ ಹಳೆಯ ಪೊದೆ ಕೊಂಬೆಗಳನ್ನು ಒಂದೊಂದಾಗಿ ಬುಡದಿಂದ ತೆಗೆಯಿರಿ.

ಚಪ್ಪರ ಮತ್ತು ಕಟ್ಟುವುದು

ಸೌತೆ, ಹಾಗಲಕ್ಕೆ ಇರುವ ಹಾಗೆ ಸುತ್ತಿಕೊಳ್ಳುವ ಎಳೆ ಇದಕ್ಕೆ ಇಲ್ಲ. ಮೆಣಸಿನ ಬಳ್ಳಿಯ ಹಾಗೆ ಗೆಣ್ಣಿನಲ್ಲಿ ಬೇರು ಬಿಟ್ಟು ಅಂಟಿಕೊಳ್ಳುವುದೂ ಇಲ್ಲ. ಹಾಗಾದರೆ ಹತ್ತುವುದು ಹೇಗೆ? ಒಂದು ಹಳೆಯ ಕೊಂಬೆಯನ್ನು ಹತ್ತಿರದಿಂದ ನೋಡಿ. ಎಲೆ ಉದುರಿದ ಜಾಗದಲ್ಲಿ ತೊಟ್ಟಿನ ಬುಡ ಉಳಿದುಕೊಂಡಿರುತ್ತದೆ. ಅದು ದಿನ ಕಳೆದ ಹಾಗೆ ಒಣಗಿ, ಗಟ್ಟಿಯಾಗಿ, ಸ್ವಲ್ಪ ಬಾಗಿ ಮುಳ್ಳಿನ ಹಾಗಾಗುತ್ತದೆ. ಬೆರಳು ಸವರಿದರೆ ಚುಚ್ಚುತ್ತದೆ, ಸೀರೆ ಸೆರಗು ಹಿಡಿಯುತ್ತದೆ. ಈ ಕೊಕ್ಕೆಗಳಿಂದ ತಾನೇ ತನ್ನ ಮೇಲೆ, ಸಿಕ್ಕಿದ ಕೊಂಬೆಯ ಮೇಲೆ ತಗಲಿಕೊಂಡು ಬಳ್ಳಿ ಏರುತ್ತದೆ.

ಹಾಗಾಗಿ ನುಣುಪು ಗೋಡೆಯನ್ನು ಇದು ತಾನಾಗಿ ಹತ್ತುವುದಿಲ್ಲ. ಎಳೇ ಬಳ್ಳಿಯನ್ನು ಒಂದೂವರೆ ಅಡಿಗೊಂದು ಕಡೆ ನೀವೇ ಕಟ್ಟಬೇಕು. ಹಳೇ ಹತ್ತಿ ಬಟ್ಟೆಯ ಪಟ್ಟಿ, ಬಾಳೆನಾರು, ತೆಂಗಿನ ಹುರಿ ಆಗುತ್ತದೆ. ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಕಬ್ಬಿಣದ ತಂತಿ, ನೈಲಾನ್ ದಾರ ಬೇಡ. ಕಾಂಡ ದಪ್ಪ ಆದ ಹಾಗೆ ಅದು ಒಳಗೆ ಕೊರೆದು ಹೋಗುತ್ತದೆ.

ಭಾರದ ಬಗ್ಗೆ ಮೊದಲೇ ಯೋಚಿಸಿ. ನಾವು ಮೊದಲು ಕಟ್ಟಿದ್ದು ಬಿದಿರಿನ ಚಪ್ಪರ. ನಾಲ್ಕನೇ ವರ್ಷದ ಜುಲೈನಲ್ಲಿ ಒಂದು ರಾತ್ರಿ ಗಾಳಿ ಮಳೆ ಬಂತು. ನೀರು ಕುಡಿದ ಬಳ್ಳಿ ಚಪ್ಪರದ ಸಮೇತ ಗೇಟಿಗೆ ಅಡ್ಡ ಬಿತ್ತು. ಬೆಳಗ್ಗೆ ಹಾಲಿನವರು ಕಾಂಪೌಂಡ್ ಮೇಲಿಂದ ಹಾಲು ಕೊಟ್ಟು ಹೋದರು. ಆಮೇಲೆ ಒಂದೂವರೆ ಇಂಚಿನ ಜಿಐ ಪೈಪಿನ ನಾಲ್ಕು ಕಂಬ ನೆಟ್ಟೆವು. ನೆಲದೊಳಗೆ ಎರಡು ಅಡಿ, ಕಾಂಕ್ರೀಟ್ ಹಾಕಿ. ಮೇಲೆ ಅಗಲ ಕಣ್ಣಿನ ವೆಲ್ಡ್ ಮೆಶ್. ಕಣ್ಣು ಅಗಲ ಇದ್ದರೆ ಕತ್ತರಿಸಿದ ಬಳ್ಳಿ ಎಳೆದು ತೆಗೆಯುವುದು ಸುಲಭ, ಕೈ ತೂರುತ್ತದೆ. ಚಪ್ಪರದ ಎತ್ತರ ಎಂಟು ಅಡಿಗೆ ಕಮ್ಮಿ ಬೇಡ. ಗೊಂಚಲುಗಳು ಕೆಳಗೆ ಜೋತು ಬೀಳುತ್ತವೆ, ಓಡಾಡುವವರ ತಲೆಗೆ ತಾಗಬಾರದು ಅಲ್ವಾ.

ನೀರು, ಗೊಬ್ಬರ

ಮೊದಲ ವರ್ಷ ಬೇಸಿಗೆಯಲ್ಲಿ ವಾರಕ್ಕೆ ಎರಡು ಮೂರು ಸಲ ಬುಡ ನೆನೆಯುವ ಹಾಗೆ ನೀರು. ಬೇರು ಇಳಿದ ಮೇಲೆ ವಾರಕ್ಕೊಂದು ಸಲ ಸಾಕು, ಮಳೆಗಾಲದಲ್ಲಿ ಬೇಕಾಗಿಲ್ಲ. ದಿನಾ ಒಂದು ಚೊಂಬು ಹಾಕುವುದಕ್ಕಿಂತ ವಾರಕ್ಕೊಮ್ಮೆ ಎರಡು ಕೊಡ ಹಾಕುವುದು ಮೇಲು. ಬೇರು ಆಳಕ್ಕೆ ಹೋಗುತ್ತದೆ.

ಗೊಬ್ಬರದಲ್ಲಿ ಕೈ ಹಿಡಿತ ಇರಲಿ. ಯೂರಿಯಾ ಹಾಕಿದರೆ ಎಲೆ ಮಾತ್ರ ಹುಚ್ಚೆದ್ದು ಬರುತ್ತದೆ, ಹೂವು ಹಿಂದೆ ಸರಿಯುತ್ತದೆ. ನಾನು ವರ್ಷಕ್ಕೆ ಎರಡು ಸಲ ಕೊಡುತ್ತೇನೆ. ಕತ್ತರಿಸಿದ ಮೇಲೆ ಒಂದು ಬಾಣಲಿ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಮೂಳೆ ಪುಡಿ, ಎರಡು ಹಿಡಿ ಬೇವಿನ ಹಿಂಡಿ. ಮಳೆಗಾಲ ಶುರುವಾದಾಗ ಇನ್ನೊಮ್ಮೆ ಎರೆಹುಳು ಗೊಬ್ಬರ. ಹುಲ್ಲುಹಾಸಿಗೆ ಗೊಬ್ಬರ ಹಾಕುವ ಮನೆಗಳಲ್ಲಿ ಪಕ್ಕದ ಬಳ್ಳಿಗೂ ಅದು ಸೇರುತ್ತದೆ, ಹೂವು ಕಮ್ಮಿಯಾಗಲು ಅದೂ ಒಂದು ಕಾರಣ.

ಕತ್ತರಿಸುವುದು

ಇನ್ನು ಮುಖ್ಯ ಕೆಲಸ. ಮಧುಮಾಲತಿ ಹೂವು ಬಿಡುವುದು ಆ ವರ್ಷ ಬಂದ ಹೊಸ ಚಿಗುರಿನ ತುದಿಯಲ್ಲಿ. ಹಳೇ ಕಾಂಡದ ಮೇಲೆ ಬಿಡುವುದಿಲ್ಲ. ಹೊಸ ಚಿಗುರು ಎಷ್ಟೋ ಅಷ್ಟು ಗೊಂಚಲು. ಕತ್ತರಿಸದೆ ಬಿಟ್ಟರೆ ಬಳ್ಳಿ ಮೇಲೆ ಮೇಲೆ ಹೋಗುತ್ತದೆ, ಚಿಗುರೆಲ್ಲ ತುತ್ತತುದಿಯಲ್ಲಿ. ಒಳಗೆ ಒಣಕಡ್ಡಿ, ಹೊರಗೆ ಎಲೆಯ ಹೊದಿಕೆ. ನಮ್ಮ ಬಳ್ಳಿಯ ಮೊದಲ ನಾಲ್ಕು ವರ್ಷ ಹಾಗೇ ಆಗಿತ್ತು. ಹೂವು ಬರುತ್ತಿತ್ತು, ಆದರೆ ಮಹಡಿ ಮನೆಯವರಿಗೆ ಕಾಣುತ್ತಿತ್ತು, ನಮಗೆ ಕಾಣುತ್ತಿದ್ದುದು ಅಡಿಭಾಗ.

ಚಪ್ಪರ ಬಿದ್ದ ದಿನ ಬೇರೆ ದಾರಿ ಇರಲಿಲ್ಲ. ಇಡೀ ಬಳ್ಳಿಯನ್ನು ಮಂಡಿ ಎತ್ತರಕ್ಕೆ ಕಡಿದೆವು. ಮೋಟು ಕಾಂಡ ನೋಡಿ ನನಗೆ ಎರಡು ದಿನ ಊಟ ಸೇರಲಿಲ್ಲ. ಅತ್ತೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಬೇರು ಇದೆಯಲ್ಲ ಮಾರಾಯ್ತಿ, ಸುಮ್ನೆ ನೋಡ್ತಿರು." ಒಂದು ತಿಂಗಳಿಗೆ ಬುಡದ ತುಂಬಾ ಚಿಗುರು. ಮುಂದಿನ ಮೇ ತಿಂಗಳಲ್ಲಿ ಕಣ್ಣಿನ ಎತ್ತರಕ್ಕೇ ಗೊಂಚಲು ಬಂತು, ಹಿಂದೆ ಎಂದೂ ಬಾರದಷ್ಟು. ಅಲ್ಲಿಂದ ನನಗೆ ಕತ್ತರಿಯ ಭಯ ಹೋಯಿತು.

ಕಾಲ: ಸಂಕ್ರಾಂತಿ ಕಳೆದು ಶಿವರಾತ್ರಿ ಬರುವುದರೊಳಗೆ. ಆಗ ಬಳ್ಳಿಯ ಬೆಳವಣಿಗೆ ನಿಂತಿರುತ್ತದೆ, ಎಲೆ ಹಣ್ಣಾಗಿ ಉದುರುತ್ತಿರುತ್ತದೆ. ಚಳಿ ಶಿವಶಿವಾ ಅಂತ ಓಡುವ ಹೊತ್ತಿಗೆ ಕಣ್ಣು ಒಡೆಯುತ್ತದೆ. ಏಪ್ರಿಲ್ ಕೊನೆ, ಮೇ ಹೊತ್ತಿಗೆ ಹೂವು. ಮಾರ್ಚ್ ಕೊನೆಗೆ ಕತ್ತರಿಸಿದರೆ ಬರುತ್ತಿರುವ ಚಿಗುರನ್ನೇ ಕತ್ತರಿಸಿದ ಹಾಗೆ, ಹೂವು ಅಷ್ಟು ತಡವಾಗುತ್ತದೆ.

ಕತ್ತರಿ ಹಿಡಿಯುವ ಮುಂಚೆ ಬಳ್ಳಿಯೊಳಗೆ ಇಣುಕಿ ನೋಡಿ. ಪಿಕಳಾರ ಹಕ್ಕಿಗಳಿಗೆ ಈ ಪೊದೆ ಅಂದರೆ ಪ್ರಾಣ. ಗೂಡಿನಲ್ಲಿ ಮೊಟ್ಟೆ, ಮರಿ ಇದ್ದರೆ ಆ ಭಾಗವನ್ನು ಮುಟ್ಟಬೇಡಿ. ಮೂರ್ನಾಲ್ಕು ವಾರದಲ್ಲಿ ಮರಿ ಹಾರಿಹೋಗುತ್ತವೆ, ಆಮೇಲೆ ಅಲ್ಲಿ ಕತ್ತರಿಸಿ.

ಬೇಕಾದ್ದು ಒಂದು ಹರಿತವಾದ ಸಿಕೇಟರ್ (ಕೊಂಬೆ ಕತ್ತರಿಸುವ ಕತ್ತರಿ), ಹೆಬ್ಬೆರಳಿಗಿಂತ ದಪ್ಪದ್ದಕ್ಕೆ ಒಂದು ಸಣ್ಣ ಗರಗಸ, ತೋಳು ಮುಚ್ಚುವ ಹಳೇ ಅಂಗಿ. ಆ ಕೊಕ್ಕೆಗಳು ಕೈ ಪರಚುತ್ತವೆ. ಏಣಿ ಹತ್ತುವವರ ಕೆಳಗೆ ಒಬ್ಬರು ಹಿಡಿದುಕೊಂಡು ನಿಲ್ಲಲಿ.

ಮೊದಲು ಒಣಗಿದ್ದನ್ನೆಲ್ಲ ತೆಗೆಯಿರಿ. ಉಗುರಿನಿಂದ ಸಿಪ್ಪೆ ಕೆರೆದರೆ ಹಸಿರು ಕಾಣದಿದ್ದರೆ ಅದು ಒಣಕಲು. ಇದರಲ್ಲೇ ಅರ್ಧ ಹಗುರಾಗುತ್ತದೆ. ಆಮೇಲೆ ನೆಲದಿಂದ ಎದ್ದ ಮುಖ್ಯ ಕಾಂಡಗಳಲ್ಲಿ ನಾಲ್ಕು ಉಳಿಸಿ, ಸಪೂರವಾದ್ದನ್ನು ಬುಡಕ್ಕೇ ತೆಗೆಯಿರಿ. ಉಳಿದ ಕಾಂಡಗಳಿಂದ ಅಡ್ಡ ಹೊರಟ ಕವಲುಗಳನ್ನು ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸಿ. ಇದರ ಎಲೆಗಳು ಎದುರು ಬದುರು ಜೋಡಿಯಾಗಿ ಬರುತ್ತವೆ. ಜೋಡಿ ಗೆಣ್ಣಿನ ಮೇಲೆ ಕಾಲು ಇಂಚು ಬಿಟ್ಟು ಕತ್ತರಿಸಿದರೆ ಎರಡು ಕಡೆಯಿಂದಲೂ ಚಿಗುರುತ್ತದೆ. ಒಂದು ಕವಲಿದ್ದದ್ದು ಎರಡಾಯಿತು, ಎರಡು ಗೊಂಚಲಾಯಿತು.

ಮುಗಿದಾಗ ಚಪ್ಪರ ಬೋಳು ಬೋಳು ಕಾಣುತ್ತದೆ. ಕಾಣಲಿ. ಮೂರು ವಾರ ತಡೆಯಿರಿ.

ಇದು ವರ್ಷಕ್ಕೊಮ್ಮೆಯ ದೊಡ್ಡ ಕತ್ತರಿ. ಮೊದಲ ಸುತ್ತಿನ ಹೂವು ಮುಗಿಯುವ ಆಷಾಢದ ಹೊತ್ತಿಗೆ ಇನ್ನೊಂದು ಸಣ್ಣ ಕತ್ತರಿ ಬೇಕು. ಉದುರಿ ಮುಗಿದ ಗೊಂಚಲಿನ ಕೆಳಗೆ ಎರಡು ಗೆಣ್ಣು ಸೇರಿಸಿ ಚಿವುಟಿದ ಹಾಗೆ ತೆಗೆಯುತ್ತಾ ಹೋಗಿ. ಒಂದೂವರೆ ತಿಂಗಳಿಗೆ ಮತ್ತೆ ಮೊಗ್ಗು. ಹೀಗೆ ಮಾಡಿದರೆ ದೀಪಾವಳಿ ತನಕ ಹೂವು ಇರುತ್ತದೆ.

ಹತ್ತು ಹದಿನೈದು ವರ್ಷ ಕತ್ತರಿಯನ್ನೇ ಕಾಣದ ಬಳ್ಳಿ ನಿಮ್ಮದಾಗಿದ್ದರೆ ಒಂದೇ ಸಲ ಎಲ್ಲ ಕಡಿಯಬೇಕಾಗಿಲ್ಲ. ಕಾಂಡಗಳಲ್ಲಿ ಮೂರನೇ ಒಂದು ಪಾಲನ್ನು ಈ ವರ್ಷ ನೆಲದಿಂದ ಒಂದು ಅಡಿಗೆ ಇಳಿಸಿ. ಮುಂದಿನ ವರ್ಷ ಇನ್ನೊಂದು ಪಾಲು, ಅದರ ಮುಂದಿನ ವರ್ಷ ಉಳಿದದ್ದು. ಹೂವೂ ತಪ್ಪುವುದಿಲ್ಲ, ಬಳ್ಳಿಯೂ ಹೊಸದಾಗುತ್ತದೆ.

ಕತ್ತರಿಯ ಇನ್ನೊಂದು ಉಪಯೋಗ ಬುಡಕ್ಕೆ. ನೆಲದಿಂದ ಎರಡು ಅಡಿ ತನಕ ಎಲೆ, ಕವಲು ಏನೂ ಇರದ ಹಾಗೆ ಬಿಡಿಸಿ ಇಡಿ. ಮಧುಮಾಲತಿಗೆ ಹಾವು ಬರುತ್ತದೆ ಅಂತ ಹೇಳುವವರು ಬಹಳ. ಹೂವಿನ ಪರಿಮಳಕ್ಕೆ ಹಾವು ಬರುವುದಿಲ್ಲ. ಬುಡದಲ್ಲಿ ಕಸ, ಪೊದೆ ಸೇರಿದರೆ ಇಲಿ, ಕಪ್ಪೆ, ಓತಿಕ್ಯಾತ ಸೇರುತ್ತವೆ, ಅವನ್ನು ಹುಡುಕಿಕೊಂಡು ಹಾವು ಬರಬಹುದು. ಬುಡ ಸ್ವಚ್ಛ ಇದ್ದರೆ ಆ ಹೆದರಿಕೆ ಬೇಡ.

ಕುಂಡದಲ್ಲಿ ಬೆಳೆಸುವವರಿಗೆ

ಹದಿನೆಂಟು ಇಂಚಿಗಿಂತ ಚಿಕ್ಕ ಕುಂಡ ಬೇಡ. ಹಳೇ ಡ್ರಮ್ಮಿನ ಅರ್ಧ ಆದರೆ ಇನ್ನೂ ಒಳ್ಳೆಯದು, ತಳದಲ್ಲಿ ನಾಲ್ಕೈದು ತೂತು ಇರಲಿ. ಡಬಲ್ ಬಗೆ ಆರಿಸಿ. ಟೆರೇಸಿನ ಗ್ರಿಲ್ಲಿಗೋ ಬಾಲ್ಕನಿ ಕಂಬಿಗೋ ಅಡ್ಡಡ್ಡ ಹಬ್ಬಿಸಿ. ನೇರ ಮೇಲೆ ಬಿಟ್ಟರೆ ತುದಿಯಲ್ಲಿ ಮಾತ್ರ ಹೂವು, ಅಡ್ಡ ಬಾಗಿಸಿದರೆ ಉದ್ದಕ್ಕೂ ಕವಲು ಒಡೆಯುತ್ತದೆ. ಬೇಸಿಗೆಯಲ್ಲಿ ದಿನಾ ನೀರು. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಗಿಡ ಎತ್ತಿ, ಸುತ್ತಲಿನ ಬೇರು ಎರಡು ಇಂಚು ಸವರಿ, ಹೊಸ ಮಣ್ಣು ತುಂಬಿ.

ದೆಹಲಿ ಕಡೆ ಇರುವವರಿಗೆ ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಬಹುದು, ಬುಡ ಸತ್ತಿರುವುದಿಲ್ಲ. ಸಿಂಗಪುರದವರಿಗೆ ಇದು ವರ್ಷವಿಡೀ ಹೂವು ಕೊಡುತ್ತದೆ. ಹಿಮ ಬೀಳುವ ದೇಶಗಳಲ್ಲಿ ಇರುವವರು ಕುಂಡದಲ್ಲೇ ಇಟ್ಟು, ಚಳಿಗೆ ಮುಂಚೆ ಒಳಗೆ ತೆಗೆದುಕೊಳ್ಳಬೇಕು.

ತೊಂದರೆಗಳು

ದೊಡ್ಡ ರೋಗ ಅಂತ ಇದಕ್ಕೆ ಬರುವುದು ಕಮ್ಮಿ. ಚಿಗುರಿನಲ್ಲಿ ಬಿಳಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ. ಮೊದಲು ನೀರಿನ ಪೈಪಿನಿಂದ ರಭಸವಾಗಿ ತೊಳೆಯಿರಿ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ತೊಟ್ಟು ಪಾತ್ರೆ ತೊಳೆಯುವ ಸೋಪಿನ ನೀರು ಕಲಸಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೆ ತಾಗುವ ಹಾಗೆ ಹೊಡೆಯಿರಿ. ವಾರ ಬಿಟ್ಟು ಇನ್ನೊಮ್ಮೆ. ಹೂವಿನ ಮೇಲೆ ಬೇಡ, ಜೇನುನೊಣ ಬರುತ್ತಿರುತ್ತವೆ. ಕಂಬಳಿಹುಳು ಎಲೆ ತಿಂದರೆ ನಾನು ಏನೂ ಮಾಡುವುದಿಲ್ಲ. ಬೆಳೆದ ಬಳ್ಳಿಗೆ ಅದು ಲೆಕ್ಕಕ್ಕಿಲ್ಲ.

ಎಳೇ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರು ಹಾಕುವ ಕಡೆ ಇದು ಜಾಸ್ತಿ. ಆ ನೀರಿನಿಂದ ಮಣ್ಣು ಸುಣ್ಣದ ಹಾಗಾಗಿ, ಇರುವ ಕಬ್ಬಿಣವನ್ನೂ ಬೇರು ಎಳೆದುಕೊಳ್ಳಲಾರದು. ಚೀಲೇಟೆಡ್ ಐರನ್ ಅಂತ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ, ಪ್ಯಾಕೆಟ್ ಮೇಲಿನ ಅಳತೆಯಲ್ಲಿ ಎಲೆಗೆ ಸಿಂಪಡಿಸಿ. ಜೊತೆಗೆ ಮಳೆನೀರು ಹಿಡಿದು ಹಾಕಲು ಸಾಧ್ಯವೇ ನೋಡಿ. ಹಳೇ ಎಲೆ ಚಳಿಗಾಲದಲ್ಲಿ ಹಳದಿಯಾಗುವುದು ಮಾಮೂಲು, ಅದಕ್ಕೆ ಔಷಧಿ ಬೇಡ.

ನಮ್ಮಲ್ಲಿ ಕಾಯಿ ಕಟ್ಟುವುದು ಅಪರೂಪ. ಕಟ್ಟಿದರೆ ಐದು ಏಣು ಇರುವ ಒಣ ಕಾಯಿ. ಚೀನಾ, ಫಿಲಿಪೀನ್ಸ್ ಕಡೆ ಇದರ ಬೀಜವನ್ನು ಹೊಟ್ಟೆಹುಳುವಿಗೆ ಔಷಧಿಯಾಗಿ ಬಳಸುತ್ತಾ ಬಂದಿದ್ದಾರೆ. ಪ್ರಮಾಣ ಮೀರಿದರೆ ಬಿಕ್ಕಳಿಕೆ, ವಾಂತಿ ಹಿಡಿಯುತ್ತದೆ. ಮನೆಯಲ್ಲಿ ಆ ಪ್ರಯೋಗ ಬೇಡ. ಮಕ್ಕಳ ಕೈಗೆ ಕಾಯಿ ಸಿಗದ ಹಾಗೆ ನೋಡಿಕೊಳ್ಳಿ.

ಮರಿ ಮಾಡುವುದು

ಸುಲಭದ್ದು ಬೇರಿನ ಮರಿ. ಬುಡದಿಂದ ಮೂರು ನಾಲ್ಕು ಅಡಿ ದೂರದಲ್ಲಿ ತಾನಾಗಿ ಎದ್ದಿರುತ್ತದೆ. ಮಳೆಗಾಲದಲ್ಲಿ ಸುತ್ತ ಅಗೆದು, ತಾಯಿಬೇರನ್ನು ಎರಡೂ ಕಡೆ ಕತ್ತರಿಸಿ, ಬೇರಿನ ತುಂಡಿನ ಸಮೇತ ಎತ್ತಿ. ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಕವರಿಗೆ ಹಾಕಿ, ಎರಡು ವಾರ ನೆರಳಲ್ಲಿಡಿ. ಬೇಡವಾದ ಕಡೆ ಎದ್ದ ಮರಿಯನ್ನು ಮೇಲಿಂದ ಮುರಿದರೆ ಸಾಲದು, ಮತ್ತೆ ಬರುತ್ತದೆ. ಅಗೆದೇ ತೆಗೆಯಬೇಕು.

ಗೂಟಿ ಕಟ್ಟುವುದು, ಅಂದರೆ ಕವಲು ಬಳ್ಳಿಯಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು, ನನಗೆ ಇಷ್ಟದ ಕೆಲಸ. ಜೂನ್ ಮೊದಲ ವಾರ ಪೆನ್ಸಿಲ್ ದಪ್ಪದ ಒಂದು ಕವಲು ಆರಿಸಿ. ಗೆಣ್ಣಿನ ಕೆಳಗೆ ಒಂದು ಇಂಚು ಅಗಲಕ್ಕೆ ಸುತ್ತಲೂ ಸಿಪ್ಪೆ ಬಿಡಿಸಿ. ಒಳಗೆ ಲೋಳೆಯ ಹಾಗೆ ಜಾರುವ ಪದರ ಇರುತ್ತದೆ. ಅದನ್ನು ಚಾಕುವಿನ ಬೆನ್ನಿನಿಂದ ಕೆರೆದು, ಬಟ್ಟೆಯಿಂದ ಒರೆಸಿ. ಅದು ಉಳಿದರೆ ಸಿಪ್ಪೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ನೆನೆಸಿ ಹಿಂಡಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು ಮುಷ್ಟಿ ಅದರ ಸುತ್ತ ಇಟ್ಟು, ಹಾಲಿನ ಕವರ್ ತೊಳೆದು ಕತ್ತರಿಸಿ ಸುತ್ತಿ, ಎರಡೂ ತುದಿ ಬಿಗಿಯಾಗಿ ಕಟ್ಟಿ. ಮಳೆ ನೀರು ಒಳಗೆ ಇಳಿಯಬಾರದು. ಆರೇಳು ವಾರ ಕಳೆದ ಮೇಲೆ ಮುಟ್ಟಿ ನೋಡಿ. ಮುದ್ದೆ ಗಟ್ಟಿಯಾಗಿದ್ದರೆ ಒಂದು ಮೂಲೆ ಬಿಚ್ಚಿ ನೋಡಿ, ಬಿಳಿ ಬೇರು ಕಾಣುತ್ತದೆ. ಬೇರು ಕಂದು ಬಣ್ಣಕ್ಕೆ ತಿರುಗಲು ಶುರುವಾದಾಗ ಗೂಟಿಯ ಕೆಳಗೆ ಕತ್ತರಿಸಿ, ಕವರ್ ಬಿಚ್ಚಿ, ಮುದ್ದೆ ಒಡೆಯದೆ ಸಣ್ಣ ಕುಂಡಕ್ಕೆ ಇಳಿಸಿ. ಮೂರು ವಾರ ನೆರಳು, ಆಮೇಲೆ ಬೆಳಗಿನ ಬಿಸಿಲು.

ಜೂನ್‌ನಲ್ಲಿ ಕಟ್ಟಿದ ಗೂಟಿ ಹೆಚ್ಚಿನ ವರ್ಷ ಗೌರಿ ಹಬ್ಬದ ಹೊತ್ತಿಗೆ ಕೈಗೆ ಬರುತ್ತದೆ. ನಾನು ಪ್ರತಿ ವರ್ಷ ನಾಲ್ಕು ಕಟ್ಟುತ್ತೇನೆ, ಮೂರಾದರೂ ಹಿಡಿಯುತ್ತವೆ. ಬಾಗಿನ ಕೊಡುವಾಗ ಮೊರದ ಪಕ್ಕದಲ್ಲಿ ಕುಂಡವನ್ನೂ ಇಟ್ಟು ಕೊಡುತ್ತೇನೆ. ಬಿಸಿಲು ಬೀಳುವ ಜಾಗ ಯಾವುದು ಅಂತ ಆಗಲೇ ಕೇಳಿಕೊಳ್ಳುತ್ತೇನೆ. ಜನವರಿ ಕೊನೆಗೆ ಫೋನ್ ಮಾಡಿ, ಕತ್ತರಿ ತೆಗೆದಿರಾ ಅಂತ ಇನ್ನೊಮ್ಮೆ ಕೇಳುತ್ತೇನೆ.